ಇಬ್ಬರ ಪಾಲಿನ ಹುಲ್ಲು ಕಿತ್ತ ಪಾರ್ವತವ್ವ

ಬೆಳಗಿನ ಐದೂಮುಕ್ಕಾಲು. ಶಿರಸಿಯಿಂದ ಬನವಾಸಿ ರಸ್ತೆಯಲ್ಲಿ ಊರು ದಾಟಿದ ಮೇಲೆ ಸಿಗುವ ಕೆರೆಬಯಲು ಮೈದಾನ. ಮಂಜು ಎಷ್ಟು ದಟ್ಟವಾಗಿದೆ ಎಂದರೆ ಈ ಕಡೆಯ ಗೋಲುಕಂಬದ ಬಳಿ ನಿಂತರೆ ಆ ಕಡೆಯದು ಕಾಣುವುದಿಲ್ಲ. ಬಲಮೂಲೆಯಲ್ಲಿ ಒಬ್ಬ ಹೆಂಗಸು ಮಂಡಿಯೂರಿ ಕುಳಿತು ಹುಲ್ಲು ಕೀಳುತ್ತಿದ್ದಾರೆ. ತಲೆಗೆ ಟವೆಲ್ಲು, ಸೀರೆಯ ಮೇಲೆ ಗಂಡಸರ ಅಂಗಿ, ಎಡಗೈಗೆ ಯಾರೋ ಬಿಟ್ಟುಹೋದ ಗೋಲ್‌ಕೀಪರ್ ಗ್ಲೌಸು. ಬಲಗೈ ಬರಿದು. ಗ್ಲೌಸು ಹಾಕಿಕೊಂಡರೆ 'ಮುಟ್ಟಿದರೆ ಮುನಿ' ಗಿಡದ ಬೇರು ಬೆರಳಿಗೆ ಸಿಗುವುದಿಲ್ಲವಂತೆ.

"ಈ ಮುಳ್ಳು ಒಂದ ಉಳಿದ್ರೂ ಸಾಕ್ರಿ, ಬಿದ್ದವನ ಮೊಣಕಾಲು ಕೆತ್ತಿ ಬಿಡತೈತಿ" ಎನ್ನುತ್ತಾರೆ ಪಾರ್ವತವ್ವ, ತಲೆ ಎತ್ತದೆ.

ಐವತ್ತಾರು ವರ್ಷದ ಪಾರ್ವತವ್ವ ಕೆರೆಬಯಲು ಫುಟ್‌ಬಾಲ್ ಕ್ಲಬ್ಬಿನ ಮೈದಾನ ನೋಡಿಕೊಳ್ಳುವವರು. ಗೆರೆ ಹಾಕುವುದು, ಬಲೆ ಹೊಲಿಯುವುದು, ಚೆಂಡಿಗೆ ಗಾಳಿ ತುಂಬುವುದು, ಜರ್ಸಿ ಒಗೆಯುವುದು ಎಲ್ಲ ಇವರದೇ. ಹತ್ತೊಂಬತ್ತು ವರ್ಷವಾಯಿತು. ಇಷ್ಟು ವರ್ಷದಲ್ಲಿ ಇವರ ಹೆಸರು ಒಮ್ಮೆಯೂ ಪತ್ರಿಕೆಯಲ್ಲಿ ಬಂದಿಲ್ಲ. ಗೋಲು ಹೊಡೆದವನ ಹೆಸರು ಬರೆದು ಮನೆಗೆ ಹೋಗುವ ವರದಿಗಾರರು ನಾವು. ನಾನೂ ಅದೇ ಸಾಲಿನವನು, ಈಗ ಮಾತ್ರ ದೊಡ್ಡವನಂತೆ ಮಾತಾಡುತ್ತಿದ್ದೇನೆ.

ಗಂಡ ಸಂಗಯ್ಯ ಮೊದಲು ಈ ಕೆಲಸ ಮಾಡುತ್ತಿದ್ದರು. ಅನಾನಸು ತುಂಬಿದ ಲಾರಿಯ ಮೇಲಿಂದ ಬಿದ್ದು ಅವರ ಸೊಂಟ ಹೋಯಿತು. "ಒಂದ ವಾರ ನಾ ಗೆರಿ ಹಾಕಿ ಬರ್ತೀನಿ ಅಂತ ಬಂದೆ. ಆ ವಾರ ಇನ್ನೂ ಮುಗದಿಲ್ಲ ನೋಡ್ರಿ" ಎಂದು ನಗುತ್ತಾರೆ. ಬೆಳಗಿನ ಐದೂವರೆಗೆ ಇಲ್ಲಿ, ಒಂಬತ್ತೂವರೆಗೆ ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ, ಸಂಜೆ ಮತ್ತೆ ಇಲ್ಲಿ. ವಾರಕ್ಕೆ ಎರಡು ಸಲ ಗೆರೆ ಹಾಕಬೇಕು. ತೂತು ಕೊರೆದ ಎಣ್ಣೆ ಡಬ್ಬಿಯಲ್ಲಿ ಸುಣ್ಣದ ಪುಡಿ ತುಂಬಿಕೊಂಡು, ಗಂಟು ಹಾಕಿದ ಹಗ್ಗವೇ ಅಳತೆಗೋಲಾಗಿ, ಆರುನೂರು ಮೀಟರಿಗೂ ಮಿಕ್ಕಿ ಬಗ್ಗಿಯೇ ನಡೆಯಬೇಕು. ಕೈಬೆರಳ ಸಂದುಗಳೆಲ್ಲ ಸುಣ್ಣಕ್ಕೆ ಬಿರಿದಿವೆ. ರಾತ್ರಿ ಕೊಬ್ಬರಿಎಣ್ಣೆ ಸವರಿ ಮಲಗುತ್ತಾರೆ, ಬೆಳಿಗ್ಗೆ ಮತ್ತೆ ಸುಣ್ಣ.

ಕೆರೆಬಯಲಿನಲ್ಲಿ ಒಂದು ಪದ್ಧತಿ ಇದೆ. ಮಳೆಗಾಲ ಕಳೆದ ಮೇಲೆ ಮೈದಾನವನ್ನು ಇಪ್ಪತ್ತೆರಡು ಪಾಲು ಮಾಡುತ್ತಾರೆ. ಒಬ್ಬ ಆಟಗಾರನಿಗೆ ಒಂದು ಪಾಲು. ತನ್ನ ಪಾಲಿನ ಹುಲ್ಲು, ಮುಳ್ಳು ಎಲ್ಲವನ್ನೂ ವಾರವಾರವೂ ಅವನೇ ತೆಗೆಯಬೇಕು. ಯಾರು ಯಾವ ಹೊತ್ತಿಗೆ ಬಂದು ತೆಗೆಯುತ್ತಾರೆ ಎಂದು ಯಾರೂ ಕಾಯುವುದಿಲ್ಲ, ಭಾನುವಾರದೊಳಗೆ ಆಗಿದ್ದರೆ ಸಾಕು. ಎರಡು ವಾರ ಸತತವಾಗಿ ಯಾರದಾದರೂ ಪಾಲಿನಲ್ಲಿ ಹುಲ್ಲು ನಿಂತಿದ್ದರೆ, ಅವನು ಕ್ಲಬ್ಬು ಬಿಡುತ್ತಾನೆ ಎಂದೇ ಅರ್ಥ. ಯಾರೂ ಯಾಕೆಂದು ಕೇಳುವುದಿಲ್ಲ, ಬೈಯುವುದಿಲ್ಲ. ಬೇರೆ ಕ್ಲಬ್ಬಿಗೆ ಆಡಲು ಬೇಕಾದ ಬಿಡುಗಡೆ ಪತ್ರ ಬರೆದುಕೊಟ್ಟು ಪಾಲನ್ನು ಮತ್ತೊಬ್ಬನಿಗೆ ಕೊಡುತ್ತಾರೆ. ಮುಖ ಕೊಟ್ಟು "ಹೋಗುತ್ತೇನೆ" ಎನ್ನಲಾಗದ ದಾಕ್ಷಿಣ್ಯದ ಜನಕ್ಕೆ ಒಳ್ಳೆಯ ಉಪಾಯ.

ಆ ದಿನ ಪಾರ್ವತವ್ವ ಕೀಳುತ್ತಿದ್ದ ಹುಲ್ಲು ಯಾರ ಪಾಲಿನದು ಎಂದು ಕೇಳಿದೆ. ಅವರ ಕೈ ನಿಂತಿತು.

"ಸಂದೇಶಂದು. ಆಚೀದು ಸುಜಯಂದು. ಇದನ್ನ ಬರೀಬ್ಯಾಡ್ರಿ."

ಈ ಇಬ್ಬರನ್ನು ಶಿರಸಿಯಲ್ಲಿ ಫುಟ್‌ಬಾಲ್ ನೋಡುವ ಎಲ್ಲರೂ ಬಲ್ಲರು. ಹುಲಗೋಳದ ಸಂದೇಶ, ನಂದೊಳ್ಳಿಯ ಸುಜಯ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಂಟು ಕ್ಲಬ್ಬುಗಳ ಲೀಗಿನಲ್ಲಿ ಕೆರೆಬಯಲು ಈ ಸಲ ಐದು ಪಂದ್ಯ ಆಡಿ ಒಂದನ್ನು ಮಾತ್ರ ಗೆದ್ದಿತ್ತು. ಹೊಡೆದ ಆರು ಗೋಲುಗಳಲ್ಲಿ ಐದು ಇವರಿಬ್ಬರವು. ಕೊನೆಯ ಸ್ಥಾನದಲ್ಲಿ ಉಳಿದ ಕ್ಲಬ್ಬು ಲೀಗಿನಿಂದ ಹೊರಗೆ. ಹೊರಬಿದ್ದ ಕ್ಲಬ್ಬಿಗೆ ಮುಂದಿನ ವರ್ಷ ಯಾರು ಬರುತ್ತಾರೆ, ಮೈದಾನ ಯಾರಿಗೆ ಬೇಕು? ಇಂಥ ಹೊತ್ತಿನಲ್ಲೇ ಹುಬ್ಬಳ್ಳಿಯ ಒಂದು ಕ್ಲಬ್ಬು ಇಬ್ಬರನ್ನೂ ಕರೆದಿತ್ತು. ಅಲ್ಲಿ ಹಸಿರು ಟರ್ಫು, ಪೂರ್ಣಾವಧಿ ತರಬೇತುದಾರರು.

ಕ್ಲಬ್ಬಿನ ಕಾರ್ಯದರ್ಶಿಯೂ ತರಬೇತುದಾರರೂ ಆದ ದಿನಕರ ಅವರಿಗೆ ಈ ಸುದ್ದಿ ಗೊತ್ತಿತ್ತು. ಆದರೆ ಅವರು ಹುಡುಗರನ್ನು ಕೇಳಲಿಲ್ಲ, ಪಾಲು ನೋಡಿದರು. ಪಾಲು ಚೊಕ್ಕಟವಾಗಿತ್ತು. ಮನಸ್ಸು ಇಲ್ಲೇ ಇದೆ ಎಂದು ಸಮಾಧಾನಪಟ್ಟು, ನಮ್ಮ ಹುಡುಗರು ಬರುವುದಿಲ್ಲ ಎಂದು ಹುಬ್ಬಳ್ಳಿಗೆ ಪತ್ರ ಬರೆದೇಬಿಟ್ಟರು. ನಾಲ್ಕು ವಾರದಿಂದ ಆ ಎರಡು ಪಾಲು ತೆಗೆಯುತ್ತಿದ್ದವರು ಪಾರ್ವತವ್ವ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

"ಅವ್ರಿಬ್ರು ಹೋದ್ರ ಕ್ಲಬ್ಬು ಮುಳುಗತೈತಿ ಅಂತ ಹೆದರಿದ್ನಿ. ಎರಡ ಪಾಲು ಹುಲ್ಲು, ಅದೇನ ಮಹಾ ಅಂತ ಕಿತ್ತೆ" ಎಂದು ಪಾರ್ವತವ್ವ ಹೇಳುತ್ತಿರುವಾಗಲೇ ಬೈಕಿನ ಸದ್ದಾಯಿತು. ಮಂಜಿನಿಂದ ಹೊರಬಂದವನು ಸಂದೇಶ. ಕುಳಿತವರನ್ನು ನೋಡಿ ಹಾಗೇ ನಿಂತ.

"ಇಷ್ಟು ದಿನ ನೀವಾ ತೆಗೀತಿದ್ದದ್ದು?" ಎಂದ. ಸಿಟ್ಟಿರಲಿಲ್ಲ, ಸುಸ್ತಿತ್ತು. "ಪಾರ್ವತವ್ವಾ, ನಾವು ಬೇಕಂತಲೇ ಬಿಟ್ಟ ಹುಲ್ಲು ಅದು. ದಿನಕರಣ್ಣನ ಮುಖ ನೋಡಿ ಹೇಳೂಕೆ ಆಗೂದಿಲ್ಲ. ಹುಲ್ಲಾದ್ರೂ ಹೇಳ್ತದೆ ಅಂದ್ಕಂಡಿದ್ವಿ. ನೀವು ಅದನ್ನೂ ಕಿತ್ತು ಹಾಕಿದ್ರಿ."

ಪಾರ್ವತವ್ವ ಕಿತ್ತ ಹುಲ್ಲನ್ನು ಬುಟ್ಟಿಗೆ ತುಂಬಿ ಎದ್ದು ನಡೆದರು. ನನಗೂ ಅಲ್ಲಿ ನಿಲ್ಲಲು ಸಂಕೋಚವಾಗಿ ಶಿರಸಿಯ ದಾರಿ ಹಿಡಿದೆ.

ಎರಡು ದಿನ ಬಿಟ್ಟು ಅವರದೇ ಫೋನು. "ಶನಿವಾರ ಸಂಜಿಕ ಕಮಿಟಿ ಐತ್ರಿ. ಬರ್ರಿ. ನಾ ಹೇಳೋದನ್ನ ಬರಕೊಳ್ರಿ."

ಕಮಿಟಿ ಎಂದರೆ ಗೋಲುಕಂಬದ ಹಿಂದೆ ಹಾಕಿದ ಆರು ಪ್ಲಾಸ್ಟಿಕ್ ಕುರ್ಚಿ. ಹುಬ್ಬಳ್ಳಿಯ ಕರೆಯ ಸುದ್ದಿ ಎಲ್ಲರಿಗೂ ಮುಟ್ಟಿತ್ತು, ಚರ್ಚೆಯ ವಿಷಯ ಒಂದೇ: ಈ ಇಬ್ಬರನ್ನು ಇಟ್ಟುಕೊಳ್ಳುವುದೋ ಬಿಡುವುದೋ. ಎಲ್ಲರಿಗಿಂತ ಹಿರಿಯ ಸದಸ್ಯ ಕೆರಿಯಪ್ಪನವರದು ಖಡಾಖಂಡಿತ ಮಾತು: "ಇನ್ನು ಎರಡೇ ಪಂದ್ಯ. ಅವರನ್ನ ಬಿಟ್ರೆ ನಾವು ಹೋದ್ವಿ ಮಾರಾಯ್ರೆ. ಪತ್ರ ಕೊಡೂದೇ ಬ್ಯಾಡ, ಆಡದೆ ಎಲ್ಲಿ ಹೋಗ್ತಾರೆ?" ಹಲವರು ತಲೆಯಾಡಿಸಿದರು. ದಿನಕರ, "ಅವರ ಮನಸ್ಸು ಇಲ್ಲೇ ಅದೆ. ಪಾಲು ನೋಡಿ ಬೇಕಾದ್ರೆ" ಎಂದರು.

ಚಹಾ ಲೋಟ ಹಂಚುತ್ತಿದ್ದ ಪಾರ್ವತವ್ವ ತಟ್ಟೆ ಕೆಳಗಿಟ್ಟರು. ಹತ್ತೊಂಬತ್ತು ವರ್ಷದಲ್ಲಿ ಕಮಿಟಿಯ ಎದುರು ಅವರು ಬಾಯಿ ತೆರೆದದ್ದು ಅದೇ ಮೊದಲು.

"ಪಾಲು ತಗದಾಕಿ ನಾನ್ರಿ. ನಾಲ್ಕ ವಾರ ಆತು. ನಿಮ್ಗೆಲ್ಲಾ ಮೋಸ ಮಾಡೀನಿ, ಆ ಹುಡುಗ್ರಿಗೂ ಮಾಡೀನಿ."

ದಿನಕರ ಅವರ ಮುಖ ಕೆಂಪಾಯಿತು. "ಆ ಪಾಲು ನಂಬಿ ನಾನು ಹುಬ್ಬಳ್ಳಿಯವರಿಗೆ ಸುಳ್ಳು ಬರೆದ ಹಾಗಾತಲ್ಲ ಪಾರ್ವತವ್ವ!"

"ಆತ್ರಿ. ನನ್ನ ಬಿಡಸ್ರಿ ಬೇಕಾದ್ರ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಮೊದಲ ಅವ್ರನ್ನ ಬಿಡ್ರಿ. ಈ ನಾಲ್ಕ ವಾರ ಅವ್ರು ಹೆಂಗ ಆಡ್ಯಾರ ನೀವ ನೋಡೀರಿ. ಕಾಲು ಇಲ್ಲೆ, ಜೀವ ಅಲ್ಲೆ. ವಾರಾ ವಾರಾ ಫಸ್ಟ್ ಬಸ್ಸಿಗೆ ಸಿದ್ದಾಪುರದಿಂದ ಬಂದು ಪಾಲು ತೆಗೆಯೋ ಕಿಶೋರ ಐದೂ ಪಂದ್ಯ ಹೊರಗ ಕುಂತಾನ. ಅವನಂಥವ್ರನ್ನ ಕುಂದ್ರಿಸಿ, ಹೋಗೋರನ್ನ ಹಿಡಕೊಂಡು, ಎಷ್ಟ ದಿನ ಕ್ಲಬ್ಬು ನಡಸ್ತೀರಿ?"

ಕೆರಿಯಪ್ಪ ಎದ್ದು ಹೋದರು. ದಿನಕರ ಆಚೆ ಬೈಕಿನ ಬಳಿ ಸುಜಯನೊಂದಿಗೆ ನಿಂತಿದ್ದ ಸಂದೇಶನನ್ನು ಕರೆದರು.

"ಎಂತಕ್ಕೆ ಎನ್ನ ಹತ್ರ ನೇರ ಹೇಳಿದ್ದಿಲ್ಲೆ?"

"ಧೈರ್ಯ ಬೈಂದಿಲ್ಲೆ ದಿನಕರಣ್ಣ. ಬೂಟು ಕಟ್ಟೂದು ಕಲಿಸಿದವ ನೀನು."

ಅಲ್ಲೇ ಚಹಾ ಟ್ರೇಯನ್ನು ಮಗುಚಿ ಹಾಕಿ, ಅದರ ಮೇಲೆ ಕಾಗದ ಇಟ್ಟು ದಿನಕರ ಎರಡು ಬಿಡುಗಡೆ ಪತ್ರ ಬರೆದರು. ಸುಜಯ ಪತ್ರ ತೆಗೆದುಕೊಂಡು ಪಾರ್ವತವ್ವನ ಕಾಲಿಗೆ ಬಗ್ಗಿದ. "ಸಾಕು ಏಳಪ್ಪ, ಹುಬ್ಬಳ್ಳಿ ಬಸ್ಸು ತಪ್ಪತೈತಿ" ಎಂದರು ಅವರು. ಅವರನ್ನು ಕೆಲಸದಿಂದ ಬಿಡಿಸುವ ಮಾತು ಮತ್ತೆ ಯಾರೂ ಎತ್ತಲಿಲ್ಲ. ಅವರೇ ಎತ್ತಿದಾಗ ದಿನಕರ, "ನಾಳೆ ಗೆರೆ ಹಾಕೂದು ಯಾರು ಹಾಗಾದ್ರೆ?" ಎಂದು ಗದರಿಸಿ ಸುಮ್ಮನಾಗಿಸಿದರು.

ಮರುದಿನ ಯಲ್ಲಾಪುರದ ತಂಡದೊಂದಿಗೆ ಪಂದ್ಯ. ಮೊದಲ ಹತ್ತು ನಿಮಿಷದಲ್ಲೇ ಒಂದು ಗೋಲು ಬಿಟ್ಟುಕೊಟ್ಟರು. ಮುಗಿಯಿತು ಎಂದು ನಾನು ನೋಟುಬುಕ್ಕು ಮಡಚಿದ್ದೆ. ದ್ವಿತೀಯಾರ್ಧದಲ್ಲಿ ಕಿಶೋರ ಸಮ ಮಾಡಿದ. ಚೆಂದದ ಗೋಲಲ್ಲ, ಮೊಣಕಾಲಿಗೆ ಬಡಿದು ಒಳಗೆ ಹೋದದ್ದು. ಆದರೆ ಆಮೇಲಿನ ಅರ್ಧ ಗಂಟೆ ಹನ್ನೊಂದೂ ಜನ ಓಡಿದ ಓಟ ಈ ಸೀಸನ್ನಿನಲ್ಲಿ ಕೆರೆಬಯಲಿನವರಿಂದ ನಾನು ಕಂಡಿರಲಿಲ್ಲ. ಒಂದೊಂದು ಗೋಲಿನ ಸಮಬಲ. ಸಂಜೆ ಕೆರಿಯಪ್ಪ ಬಂದು, ಯಾರ ಮುಖವನ್ನೂ ನೋಡದೆ, ಬಲೆ ಬಿಚ್ಚಲು ಕೈ ಹಾಕಿದರು.

ಇಂದು ಭಾನುವಾರ, ಮಧ್ಯಾಹ್ನ ಮೂರೂವರೆಗೆ ಸಿದ್ದಾಪುರದ ತಂಡದ ವಿರುದ್ಧ ಕೊನೆಯ ಪಂದ್ಯ. ಗೆದ್ದರೆ ಕೆರೆಬಯಲು ಲೀಗಿನಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ಹೊರಗೆ. ಎದುರಾಳಿಗಳು ಪಟ್ಟಿಯಲ್ಲಿ ಎರಡನೆಯವರು. ಸುಲಭವಿದೆ ಎಂದು ನಾನು ಬರೆದರೆ ಪಾರ್ವತವ್ವನೇ ನಗುತ್ತಾರೆ.

ನಿನ್ನೆ ಬೆಳಿಗ್ಗೆ ಹೋದಾಗ ಅವರು ಮಧ್ಯದ ವೃತ್ತಕ್ಕೆ ಸುಣ್ಣ ಹಾಕುತ್ತಿದ್ದರು. ಹಿಂದಿನ ದಿನ ಹುಬ್ಬಳ್ಳಿಯಿಂದ ಸಂದೇಶ ಫೋನು ಮಾಡಿದ್ದನಂತೆ. ತನ್ನ ಜಾಗದಲ್ಲಿ ಆಡುವವನು ಯಾರೆಂದು ಕೇಳಿ, ಸಿದ್ದಾಪುರದ ಗೋಲ್‌ಕೀಪರ್ ಎಡಕ್ಕೆ ಬೀಳುವುದು ನಿಧಾನ, ಅದನ್ನು ಕಿಶೋರನಿಗೆ ತಪ್ಪದೆ ಹೇಳಿ ಎಂದನಂತೆ. "ಹೇಳೀನ್ರಿ. ಮೂರ ಸಲ ಹೇಳೀನಿ" ಎಂದರು.

ಸೋತರೆ ಭಯವಿಲ್ಲವೇ ಎಂದು ಕೇಳಿದೆ. ಡಬ್ಬಿ ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡಿದರು.

"ಐತ್ರಿ, ಯಾಕ ಸುಳ್ಳ ಹೇಳ್ಲಿ. ರಾತ್ರಿ ನಿದ್ದಿ ಬಂದಿಲ್ಲ. ಆದ್ರ ನಾಳೆ ಇಲ್ಲಿ ನಿಲ್ಲೋ ಹನ್ನೊಂದು ಮಂದಿನೂ ನಿಲ್ಲಬೇಕಂತ ಬಂದವ್ರು. ನಾ ಯಾರನ್ನೂ ಹಿಡದು ನಿಲ್ಲಿಸಿಲ್ಲ."