ಆ ದ್ವೀಪದಲ್ಲಿ ಕಾಗೆ ಇತ್ತೇನೋ?

ನೈರೋಬಿಯ ಕಾಗೆಗೆ ಎದೆ ಬೆಳ್ಳಗಿರುತ್ತದೆ. ಅಲ್ಲಿ ಅಷ್ಟು ವರ್ಷ ಇದ್ದರೂ ನಾನು ಅದನ್ನು ಗಮನಿಸಿರಲಿಲ್ಲ. ಅಕ್ಕ ಬಂದಿಳಿದ ಮಾರನೆಯ ಬೆಳಿಗ್ಗೆಯೇ ಅಡುಗೆಮನೆ ಕಿಟಕಿಯಿಂದ ಕೂಗಿದಳು: "ಲೋ, ಬಾರೋ ಇಲ್ಲಿ! ನಿಮ್ಮೂರ ಕಾಗೆ ಬನಿಯನ್ ಹಾಕ್ಕೊಂಡಿದೆ!"

ಅವಳು ಬಂದದ್ದು ನನ್ನ ಮಗಳ ಬಾಣಂತನಕ್ಕೆ. ನನ್ನ ಹೆಂಡತಿಗೆ ಸೊಂಟದ ಆಪರೇಷನ್ ಆಗಿತ್ತು, ಬಗ್ಗುವ ಹಾಗಿರಲಿಲ್ಲ. ಅಕ್ಕನಿಗೆ ಮಕ್ಕಳಿರಲಿಲ್ಲ, ಭಾವ ಎಂದೋ ತೀರಿಹೋಗಿದ್ದರು. ಫೋನಿನಲ್ಲಿ ಒಂದು ಮಾತು ಕೇಳಿದ್ದಕ್ಕೆ ಮೈಸೂರಿನ ಮನೆಗೆ ಬೀಗ ಹಾಕಿ, ಒಣಶುಂಠಿ, ಓಮ, ಅಂಟಿನುಂಡೆ ಎಲ್ಲ ಕಟ್ಟಿಕೊಂಡು ಪರಿಚಯದವರೊಬ್ಬರ ಜೊತೆ ವಿಮಾನ ಹತ್ತಿದಳು.

ಬಂದಮೇಲೆ ಲಂಗಾಟಾ ಬಡಾವಣೆಯ ನಮ್ಮ ಮನೆಯ ಗೇಟು ದಾಟಿದ್ದೇ ಅಪರೂಪ. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಮಗುವಿನ ಬಟ್ಟೆ, ಅದರಲ್ಲೇ ದಿನ ಮುಗಿಯುತ್ತಿತ್ತು. ಆದರೂ ಅವಳಿಗೆ ಎಲ್ಲವೂ ಬೇಕು. ಮನೆಗೆಲಸದ ಹೆಂಗಸಿನ ಜೊತೆ ಭಾಷೆಯೇ ಇಲ್ಲದೆ ಹರಟುತ್ತಿದ್ದಳು. ಆಕೆ ಮುಸುಕಿನ ಜೋಳದ ಹಿಟ್ಟಿನಲ್ಲಿ ಉಗಾಲಿ ತೊಳಸುವುದನ್ನು ಪಕ್ಕದಲ್ಲೇ ನಿಂತು ನೋಡಿ, "ಇದು ನಮ್ಮ ಮುದ್ದೆಯ ಬಿಳಿ ತಂಗಿ ಕಣೋ" ಎಂದಳು. ನ್ಯಾಷನಲ್ ಪಾರ್ಕಿನ ಬೇಲಿ ಮನೆಯಿಂದ ದೂರವಿರಲಿಲ್ಲ. ಅದರಾಚೆ ಸಿಂಹ ಇದೆ ಎಂದು ತಿಳಿದ ದಿನದಿಂದ "ಯಾವಾಗ ತೋರಿಸ್ತೀಯೋ?" ಎಂದು ಶುರು. ನಾನು ಔಷಧಿ ಫ್ಯಾಕ್ಟರಿಯಲ್ಲಿ ಮೆಷಿನ್ ರಿಪೇರಿ ನೋಡಿಕೊಳ್ಳುತ್ತಿದ್ದೆ. ಭಾನುವಾರ ಬಂದರೆ ಮಲಗಿಬಿಡುತ್ತಿದ್ದೆ. ಮುಂದಿನ ವಾರ ಅಕ್ಕ, ಮುಂದಿನ ವಾರ ಅಕ್ಕ ಎನ್ನುತ್ತಿದ್ದ ಹಾಗೇ ಮಗುವಿಗೆ ನಾಲ್ಕು ತಿಂಗಳು ತುಂಬಿತು. ಅವಳು ಸಿಂಹ ನೋಡದೆ ಹೊರಟಳು.

ಅವಳನ್ನು ಊರಿಗೆ ಬಿಟ್ಟುಬರಲು ನಾನೇ ಹೋದೆ. ನಮಗೆ ಸಿಕ್ಕ ವಿಮಾನ ಸೇಶೆಲ್ಸ್‌ನ ಮಾಹೆ ದ್ವೀಪದಲ್ಲಿ ಇಳಿಸಿತು. ಇಳಿದದ್ದು ಬೆಳಿಗ್ಗೆ, ಮುಂಬೈಗೆ ಹೋಗುವ ವಿಮಾನ ಸಂಜೆಗೆ. ನಮ್ಮ ಬಸ್ ಸ್ಟ್ಯಾಂಡಿಗಿಂತ ಸ್ವಲ್ಪ ದೊಡ್ಡದು ಆ ಏರ್‌ಪೋರ್ಟು. ಒಂದು ಕಡೆ ಹಸಿರು ಬೆಟ್ಟ, ಇನ್ನೊಂದು ಕಡೆ ಸಮುದ್ರ. ಅಕ್ಕ ಗಾಜಿಗೆ ಮೂಗು ಒತ್ತಿ ನಿಂತಳು.

"ಹೊರಗೆ ಹೋಗಿ ನೋಡ್ಕೊಂಡು ಬರೋಣ್ವೇನೋ? ಸಂಜೆ ತನಕ ಇಲ್ಲಿ ಕೂತು ಏನ್ ಮಾಡೋದು?"

"ವೀಸಾ ಬೇಕಕ್ಕ. ಬಿಡಲ್ಲ."

"ಕೇಳಿ ನೋಡು."

"ಕೇಳೋದೇನು, ನಂಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ. ನಿದ್ದೆಗೆಟ್ಟಿದ್ದೆ. ಅವಳ ಮೊಣಕಾಲು ನೋವಿನ ನಡಿಗೆ, ಹೆಜ್ಜೆಗೊಂದು ಪ್ರಶ್ನೆ, ಯಾವುದೂ ಬೇಡವೆನಿಸಿತ್ತು. ಅವಳು ಸೆರಗು ಹೊದ್ದು ಬೆಂಚಿನ ಮೇಲೆ ಒರಗಿದಳು, ಹಾಗೇ ನಿದ್ದೆ ಹೋದಳು.

ಸುಮ್ಮನೆ ಕಾಲಾಡಿಸುತ್ತ ಕೌಂಟರಿನ ಬಳಿ ಹೋದೆ. ಅಲ್ಲಿದ್ದ ಅಧಿಕಾರಿ ನಗುತ್ತ ಕೇಳಿದ, ಸಂಜೆಯವರೆಗೆ ಒಳಗೇ ಇರುತ್ತೀರಾ, ಊರು ನೋಡುವುದಿಲ್ಲವೇ? ಭಾರತದವರಿಗೆ ವೀಸಾ ಬೇಡ, ಇಲ್ಲೇ ಮುದ್ರೆ ಒತ್ತಿಕೊಡುತ್ತೇನೆ ಎಂದ.

ಇಬ್ಬರ ಪಾಸ್‌ಪೋರ್ಟೂ ನನ್ನ ಅಂಗಿಯ ಜೇಬಿನಲ್ಲಿದ್ದವು. ನಾನು ಒಂದನ್ನೇ ತೆಗೆದುಕೊಟ್ಟೆ.

ಅವಳನ್ನು ಎಬ್ಬಿಸಿದರೆ ನನ್ನ ಸುಳ್ಳು ಗೊತ್ತಾಗುತ್ತದೆ ಎಂಬ ಭಯ ಸ್ವಲ್ಪ, ಒಬ್ಬನೇ ಹಗುರವಾಗಿ ತಿರುಗಬಹುದೆಂಬ ಆಸೆ ಹೆಚ್ಚು. ನೆಲ ಒರೆಸುತ್ತಿದ್ದ ಹೆಂಗಸಿಗೆ ಅಕ್ಕನನ್ನು ತೋರಿಸಿ, ಸ್ವಲ್ಪ ನೋಡಿಕೊಳ್ಳಿ ಎಂದು ಕೈಸನ್ನೆ ಮಾಡಿ ಹೊರಬಿದ್ದೆ. ಬಸ್ಸು ಹಿಡಿದು ಪೇಟೆಗೆ ಹೋದೆ. ಒಂದು ತೋಟದಲ್ಲಿ ದೊಡ್ಡ ಬಂಡೆಗಳಂಥ ಆಮೆಗಳಿದ್ದವು. ಪೇಟೆಯ ನಡುವೆ ನಮ್ಮ ತಮಿಳರ ಗಣಪತಿ ದೇವಸ್ಥಾನದ ಗೋಪುರ ಕಂಡಿತು. ಒಳಗೆ ಹೋಗಲಿಲ್ಲ. ವಾಪಸು ಬರುವಾಗ ದಾರಿಯಲ್ಲೇ ಇಳಿದು ಸಮುದ್ರದಲ್ಲಿ ಕಾಲು ಅದ್ದಿದೆ. ಎಲ್ಲ ಕಡೆ ಕೈಗಡಿಯಾರ ನೋಡಿದ್ದೇ ಹೆಚ್ಚು.

ನಾನು ಬರುವಷ್ಟರಲ್ಲಿ ಅಕ್ಕ ಎದ್ದು ಚಪಾತಿ ಡಬ್ಬಿ ಬಿಚ್ಚಿದ್ದಳು. ನನ್ನ ಪಾಲು ಹಾಗೇ ಇತ್ತು. ಅವಳ ಕಣ್ಣು ನೆಟ್ಟಗೆ ನನ್ನ ಪ್ಯಾಂಟಿನ ಒದ್ದೆ ಅಂಚಿಗೆ, ಅಲ್ಲಿಂದ ಶೂಗೆ ಮೆತ್ತಿದ ಮರಳಿಗೆ ಹೋಯಿತು.

"ಹೋಗಿದ್ದೆಯಾ?"

"ನಂಗೆ ಕೀನ್ಯಾದಲ್ಲಿ ಕೆಲಸದ ಪರ್ಮಿಟ್ ಇದೆಯಲ್ಲಕ್ಕ, ಅದಕ್ಕೆ ನನ್ನೊಬ್ಬನ್ನ ಬಿಟ್ರು." ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಸರಿದು ಕೂತು ಪಕ್ಕದಲ್ಲಿ ಜಾಗ ಮಾಡಿದಳು. "ಸರಿ, ಏನೇನಿತ್ತು? ಒಂದೂ ಬಿಡದೆ ಹೇಳು."

ಆಮೆಯ ವಿಷಯ ಹೇಳಿದೆ.

"ಕಣ್ಣು ಮುಚ್ಚುವಾಗ ರೆಪ್ಪೆ ಮೇಲಿಂದ ಬರತ್ತೋ, ಕೆಳಗಿಂದಲೋ?"

"ಮೇಲಿಂದ."

"ತೆಂಗಿನಕಾಯಿ ತುರೀತಾರಾ, ಹೆಚ್ಚುತಾರಾ?"

"ತುರೀತಾರೆ."

"ಯಾರ ಮನೆಯೊಳಗೆ ಹೋಗಿ ನೋಡ್ದೆಯೋ!" ಎಂದು ನಕ್ಕಳು. ದೇವಸ್ಥಾನದ ಮಾತು ಬಂದದ್ದೇ ನಗು ನಿಲ್ಲಿಸಿ ನೆಟ್ಟಗೆ ಕೂತಳು. "ಹಾಗಾದ್ರೆ ನಮ್ಮೋರೂ ಇದಾರೆ. ಕಾಗೆ ಇತ್ತೇನೋ?"

"ಕಾಗೆ ಯಾಕೆ?"

"ಇಷ್ಟು ದೂರ ಸಮುದ್ರ ದಾಟಿ ಕಾಗೆ ಹ್ಯಾಗೆ ಬರತ್ತೆ? ಕಾಗೆ ಇಲ್ದಿದ್ರೆ ಈ ಜನ ಪಿಂಡ ಯಾರಿಗಿಡ್ತಾರೆ? ಸರಿಯಾಗಿ ನೆನಪು ಮಾಡ್ಕೊಂಡು ಹೇಳು."

"ಇತ್ತಕ್ಕ. ಬೇಕಾದಷ್ಟಿದ್ವು."

"ಬನಿಯನ್ ಇತ್ತಾ?"

"ಇರಲಿಲ್ಲ. ನಮ್ಮೂರ ಥರಾನೇ."

ಅಬ್ಬ, ಎಂದಳು. ಆ ಊರಿನ ಸತ್ತವರೆಲ್ಲ ಅವಳಿಗೆ ನೆಂಟರಾಗಿದ್ದರೇನೋ ಎಂಬಂತೆ. ನಾನು ತಲೆಯೆತ್ತಿ ಆಕಾಶವನ್ನೇ ನೋಡಿರಲಿಲ್ಲ. ಅಲ್ಲಿ ಕಾಗೆ ಇದೆಯೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಮೈಸೂರಿನಲ್ಲಿ ಅವಳು ಆ ದ್ವೀಪವನ್ನು ಬಂದವರಿಗೆಲ್ಲ ಬಣ್ಣಿಸುತ್ತಿದ್ದಳಂತೆ: ಮೇಲಿಂದ ಕಣ್ಣು ಮುಚ್ಚುವ ಆಮೆ, ತುರಿದ ತೆಂಗಿನಕಾಯಿ, ನಮ್ಮಂಥದೇ ಕಾಗೆ. "ನಂಗೆ ಬಿಡಲಿಲ್ಲ, ತಮ್ಮ ನೋಡ್ಕೊಂಡು ಬಂದು ಹೇಳಿದ" ಎಂದೂ ಸೇರಿಸುತ್ತಿದ್ದಳು. ಫೋನ್ ಮಾಡಿದಾಗೆಲ್ಲ ನಿಜ ನನ್ನ ಬಾಯಿಗೆ ಬಂದು ನಿಲ್ಲುತ್ತಿತ್ತು. ಮಗುವಿನ ಹಲ್ಲು, ಇಲ್ಲಿನ ಮಳೆ, ಏನೇನೋ ಹೇಳಿ ಇಟ್ಟುಬಿಡುತ್ತಿದ್ದೆ. ಎರಡು ವರ್ಷಕ್ಕೆ ಅವಳು ತೀರಿಹೋದಳು. ಅಷ್ಟರಲ್ಲಿ ಮತ್ತೆಲ್ಲಿಗೂ ಪ್ರಯಾಣ ಮಾಡಿರಲಿಲ್ಲ.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಲಂಗಾಟಾದ ಹಿತ್ತಲಿನಲ್ಲಿ ಅವಳ ಹೆಸರಿನಲ್ಲೂ ಎಡೆ ಇಟ್ಟೆ. ಬಿಳಿ ಎದೆಯ ಕಾಗೆ ಗೋಡೆಯ ಮೇಲೆ ಬಂದು ಕೂತಿತು, ಕೆಳಗಿಳಿಯಲಿಲ್ಲ. ಊರಿನಲ್ಲಾದರೆ ಇಂಥ ಹೊತ್ತಿಗೆ ಹಿರಿಯರು, ಸತ್ತವರಿಗೆ ಏನೋ ಆಸೆ ಉಳಿದಿದೆ, ಅದೇನೆಂದು ಹೇಳಿ ಒಪ್ಪಿಕೊಳ್ಳಿ ಎನ್ನುತ್ತಾರೆ. ಮೊಮ್ಮಗಳು ನನ್ನ ಪಂಚೆ ಹಿಡಿದು, ಅದು ಯಾಕೆ ತಿನ್ನುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮಗಳು ಒಳಗಿದ್ದಳು.

"ಅಕ್ಕ, ವೀಸಾ ಬೇಕಿರಲಿಲ್ಲ. ನಿನ್ನನ್ನೂ ಬಿಡ್ತಿದ್ರು. ನಾನೇ ಎಬ್ಬಿಸಲಿಲ್ಲ" ಎಂದೆ, ಕಾಗೆಗೆ ಕೇಳುವಷ್ಟು ಜೋರಾಗಿ.

ಕಾಗೆ ಕೆಳಗಿಳಿಯಿತು. ತಿನ್ನಲಿಲ್ಲ. ಕತ್ತು ಓರೆ ಮಾಡಿ ಅನ್ನ ನೋಡಿತು, ಎಳ್ಳು ನೋಡಿತು, ಎಲೆಯ ಸುತ್ತ ಕುಪ್ಪಳಿಸಿ ಇನ್ನೊಂದು ಕಡೆಯಿಂದಲೂ ನೋಡಿತು. ನಾನು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು, ಮೊಮ್ಮಗಳ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತೆ.