ಇಳಿಯುವ ನೀರು

೧೯೮೬ರಲ್ಲಿ, ಏಳನೇ ಕ್ಲಾಸಿನ ಮಧ್ಯದಲ್ಲಿ ಶಾಲೆ ಬಿಟ್ಟೆ. ಮರುವಾರವೇ ಉಳ್ಳಾಲದ ದೋಣಿ ಕಟ್ಟುವ ಆಚಾರಿಯೊಬ್ಬರ ಬಳಿ ಉಳಿ ಹಿಡಿದೆ. ಆಮೇಲೆ ಮಸ್ಕತ್, ಅಲ್ಲಿಂದ ಬ್ರಿಸ್ಬೇನ್. ಯಾರ ಮುಂದೆಯೂ ಕೈಚಾಚಿದವನಲ್ಲ. ಅಲ್ಲಿನ ಇಂಡೂರೂಪಿಲ್ಲಿ ಬಡಾವಣೆಯ ಹತ್ತಿರ, ಮನೆಯ ಹಿತ್ತಲಲ್ಲಿ ನಾನೇ ಕಟ್ಟಿದ ಶೆಡ್ಡು. ಒಳಗೆ ಮರ ಕೊಯ್ಯುವ ಯಂತ್ರ, ಕೀಸುವ ಯಂತ್ರ, ಉದ್ದದ ಮೇಜು. ನಮ್ಮ ಊಟ ಅಲ್ಲಿಂದಲೇ. ಶೆಡ್ಡಿನ ಹಿಂದೆ ತೋಡು, ನದಿಗೆ ಸೇರುವ ಸಣ್ಣ ಹಳ್ಳ. ತೋಡಿನ ಕೆಳಗಡೆ ಒಂದು ಕಾಲುಸೇತುವೆ, ಅದರಾಚೆ ನದಿ.

ಒಂದು ವರ್ಷ ಫೆಬ್ರವರಿಯಲ್ಲಿ, ಬ್ರಿಸ್ಬೇನಿನ ಬೇಸಿಗೆಯ ಕೊನೆಗೆ, ಮಳೆ ಬಿಡಲೇ ಇಲ್ಲ. ತೋಡು ಬೇಲಿ ದಾಟಿದಾಗ ಹೆಂಡತಿ, "ಯಂತ್ರಗಳನ್ನಾದ್ರೂ ಗಾಡಿಗೆ ಹಾಕಿ ಮಾರಾಯ್ರೆ" ಅಂದಳು.

"ಇದು ಭರತದ ನೀರು, ಸಮುದ್ರ ಉಕ್ಕಿ ನದಿಗೆ ನುಗ್ಗಿದ್ದು. ಸಮುದ್ರ ಇಳಿದ ಕೂಡ್ಲೇ ಇದೂ ಇಳೀತದೆ. ನೇತ್ರಾವತಿ ನೋಡಿದವ ನಾನು."

"ನೇತ್ರಾವತಿ ಇಲ್ಲಿಗೆ ಬಂದು ನಿಮ್ಮ ಮಾತು ಕೇಳ್ತದಾ?"

ಮಧ್ಯಾಹ್ನ ಇಳಿತ ಬಂತು. ನದಿ ಇಳಿಯಿತು. ನಮ್ಮ ತೋಡು ಮಾತ್ರ ಏರುತ್ತಲೇ ಇತ್ತು. ಪಕ್ಕದ ಮನೆಯ ಮೈಸೂರಿನ ಇಂಜಿನಿಯರ್ ಸೇತುವೆಯ ತನಕ ಹೋಗಿ ಬಂದ.

"ಅಂಕಲ್, ಸೇತುವೆ ಕೆಳಗೆ ಪೂರ್ತಿ ಬ್ಲಾಕ್ ಆಗ್ಬಿಟ್ಟಿದೆ. ಯಾರದೋ ನೀರಿನ ಟ್ಯಾಂಕ್ ಅಡ್ಡ ಸಿಕ್ಕಿಕೊಂಡಿದೆ, ಅದರ ಮೇಲೆ ಮರಗಳು. ನಾನು ಕೆನಡಾದಲ್ಲಿದ್ದಾಗ ಚಳಿಗಾಲ ಮುಗೀತಿದ್ದ ಹಾಗೆ ಮಂಜುಗಡ್ಡೆ ಒಡೆದು ನದಿಗೆ ಹೀಗೇ ಅಡ್ಡ ಕೂರ್ತಿತ್ತು. ಕೂತಾಗ ಅಲ್ಲ ಭಯ, ಬಿಟ್ಟಾಗ."

"ಇಲ್ಲಿ ಬಿಯರಿಗೆ ಹಾಕ್ಲಿಕ್ಕೆ ಮಂಜುಗಡ್ಡೆ ಸಿಕ್ಕಿದ್ರೆ ಹೆಚ್ಚು" ಅಂದೆ. ಅವನು ನಗಲಿಲ್ಲ.

ಶೆಡ್ಡಿನಲ್ಲಿ ನೀರು ಸೊಂಟದ ತನಕ ಬಂದಿತ್ತು. ಇನ್ನು ಯಂತ್ರಗಳನ್ನು ಎತ್ತುವಂತಿರಲಿಲ್ಲ. ನೆನೆದದ್ದನ್ನು ಬಿಚ್ಚಿ ಒಣಗಿಸಬಹುದು, ಶೆಡ್ಡು ನಿಂತರೆ ಸಾಕು ಎಂದುಕೊಂಡು ಜಗಲಿಯಲ್ಲಿ ನಿಂತೆ. ಆ ತಡೆ ಒಮ್ಮೆ ಒಡೆಯಲಿ ಎಂದು ದೇವರನ್ನು ಕೇಳಿದೆ.

ಒಡೆಯಿತು. ಲಾರಿಯಿಂದ ದಿಮ್ಮಿ ಉರುಳಿಸಿದ ಹಾಗೆ ಸದ್ದು. ಬೀದಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಹಿತ್ತಲಿನ ನೀರೆಲ್ಲ ಒಟ್ಟಿಗೆ ತೋಡಿನ ಕಡೆ ತಿರುಗಿತು. ಶೆಡ್ಡಿನ ಹಿಂದಿನ ಗೋಡೆ ಉಬ್ಬಿ ಬಿತ್ತು. ಮೇಜು ಹೋಯಿತು, ಕಂಬಗಳು ಹೋದವು, ಕೊನೆಗೆ ದಡವೇ ಕುಸಿದು ಯಂತ್ರಗಳೂ ಹೋದವು. ಹೆಂಡತಿ ನನ್ನ ಅಂಗಿ ಹಿಡಿದು ಎಳೆದಾಗಲೇ ನಾನು ಮೆಟ್ಟಿಲು ಇಳಿದಿದ್ದೇನೆಂದು ತಿಳಿದದ್ದು. ಏರುವಾಗ ಒಂದು ಮೊಳೆಯನ್ನೂ ಅಲುಗಿಸದ ನೀರು, ಇಳಿಯುವಾಗ ಎಲ್ಲವನ್ನೂ ಕೊಂಡುಹೋಯಿತು.

ಈಗ ಇನ್ನೊಬ್ಬರ ಶೆಡ್ಡಿನಲ್ಲಿ, ಅವರ ಯಂತ್ರದಲ್ಲಿ ಕೆಲಸ. ನನ್ನದೆಂದು ಇರುವುದು ಕೆಸರಿನಿಂದ ಹೆಕ್ಕಿದ ಎರಡು ಉಳಿ, ಒಂದು ಸುತ್ತಿಗೆ, ಆ ಮೇಜಿನ ಒಂದು ಕಾಲು.