ಸೋಬಾನೆ ಸಿಕ್ಕಿಬಿದ್ದ ಬೆಳಿಗ್ಗೆ

ಹಾರ್ಡ್ ಡಿಸ್ಕ್ ಸತ್ತಿರಬಹುದು. ವೈರಸ್ ಹೊಕ್ಕಿರಬಹುದು. ಮೊನ್ನೆಯ ಸಿಡಿಲು ವಯರಿನಲ್ಲಿ ಇಳಿದು ಬಂದಿರಬಹುದು. ಕುಂದಾಪುರದ ಕಡಲಗಾಳಿ ಒಳಗಿನ ತಂತಿಗಳನ್ನು ತಿಂದಿರಬಹುದು. ನಮ್ಮ ಕಿಟಕಿಯ ಸರಳನ್ನೇ ತಿಂದ ಗಾಳಿಗೆ ಲ್ಯಾಪ್‌ಟಾಪ್ ಯಾವ ಲೆಕ್ಕ. ಹಲ್ಲಿ ಫ್ಯಾನಿನೊಳಗೆ ಮೊಟ್ಟೆ ಇಟ್ಟಿರಬಹುದು. ನಿನ್ನೆ ಅದರ ಪಕ್ಕ ಚಾ ಲೋಟ ಇಟ್ಟಿದ್ದೆ, ಚೆಲ್ಲಿಲ್ಲ ಅಂದುಕೊಂಡಿದ್ದೆ; ಚೆಲ್ಲಿರಬಹುದು. ಇಷ್ಟನ್ನೂ ಯೋಚಿಸಲು ನನಗೆ ಹಲ್ಲುಜ್ಜುವಷ್ಟು ಹೊತ್ತು ಸಾಕಾಯಿತು. ಐವತ್ತೆರಡು ವರ್ಷದ ಅಭ್ಯಾಸ.

ಕಂಪ್ಯೂಟರ್ ಶುರುವಾಗುತ್ತಿತ್ತು, ಏಳುತ್ತಿರಲಿಲ್ಲ. ಪಾಸ್‌ವರ್ಡ್ ಕೇಳಿ ತೆಗೆದುಕೊಂಡು, ಕಪ್ಪು ಪರದೆ ತೋರಿಸಿ ಸುಮ್ಮನಾಗುತ್ತಿತ್ತು. ಒಳಗಿದ್ದದ್ದು ನನ್ನ ಚಿಕ್ಕಮ್ಮನ ಇಪ್ಪತ್ತಮೂರು ಸೋಬಾನೆ ಹಾಡು. ಮರುದಿನ ಬ್ರಹ್ಮಾವರದಲ್ಲಿ ಅವರ ಮೊಮ್ಮಗಳ ಮದುವೆ. ಎಂಬತ್ತರ ಗಂಟಲು ಈಗ ಒಂದು ಹಾಡಿಗೇ ದಣಿಯುತ್ತದೆ. ಆದ್ದರಿಂದ ಈ ಸಲ ಮನೆಯ ಹುಡುಗಿಯರು ಹಾಡಬೇಕು, ಅವರ ಕೈಗೆ ಪ್ರಿಂಟ್ ತೆಗೆದ ಹಾಳೆ ಬೇಕು. ಚಿಕ್ಕಮ್ಮನಿಗೆ ಸಾಲು ಹೇಳಿ ಎಂದರೆ ಬರುವುದಿಲ್ಲ, ಹಾಡಿದರೆ ಮಾತ್ರ ಒಂದರ ಹಿಂದೆ ಒಂದು ಬರುತ್ತದೆ. ಎಷ್ಟೋ ಭಾನುವಾರ ವಂಡ್ಸೆಯ ಅವರ ಮನೆಗೆ ಹೋಗಿ, ಅವರು ಅಕ್ಕಿ ಆರಿಸುತ್ತ ಹಾಡಿದ್ದನ್ನು ನಾನು ಎರಡು ಬೆರಳಿನಲ್ಲಿ ಬಡಿದು ಸೇರಿಸಿದ್ದೆ. ಬೇರೆಲ್ಲೂ ಒಂದಕ್ಷರ ಇಲ್ಲ.

ಮದುವೆಗೆ ನಮ್ಮ ಜೊತೆ ಹೊರಡಲು ಚಿಕ್ಕಮ್ಮ ಹಿಂದಿನ ದಿನವೇ ಬಂದಿದ್ದರು. ನನ್ನ ಮುಖ ನೋಡಿ ಅವರೇ ಸಮಾಧಾನ ಹೇಳಿದರು.

"ಹೋರೆ ಹೋಯ್ಲಿ ಮಗಾ. ನಾ ಇನ್ನೂ ಇದ್ದೆ ಅಲ್ದಾ, ಮತ್ತ್ ಹಾಡ್ತೆ."

ಹಾಡಿಯೂ ತೋರಿಸಿದರು. ಎರಡು ಸಾಲಿಗೆ ಕೆಮ್ಮು ಬಂತು.

ಮೂರು ಕೀಲಿ ಒಟ್ಟಿಗೆ ಒತ್ತಿದರೆ ಆ ಕಪ್ಪು ಪರದೆಯಲ್ಲೂ ಒಂದು ಪಟ್ಟಿ ಮಾತ್ರ ತೆರೆಯುತ್ತಿತ್ತು: ಯಂತ್ರ ಏಳುವಾಗ ಜೊತೆಗೇ ಏಳುವ ಪ್ರೋಗ್ರಾಂಗಳದ್ದು. ಎಣಿಸಿದೆ, ಹದಿನಾರು. ಮುಂಬೈಯಿಂದ ಬಂದ ನೆಂಟರು ಮೊದಲೆಲ್ಲ ಮಿಠಾಯಿ ಪೊಟ್ಟಣ ತರುತ್ತಿದ್ದರು. ಈಗ ಊಟ ಮುಗಿಸಿ ಕೈ ಒರೆಸಿಕೊಂಡು, ನಿಮಗೊಂದು ಒಳ್ಳೆ ಪ್ರೋಗ್ರಾಂ ಹಾಕಿ ಕೊಡುತ್ತೇನೆ ಎಂದು ಕೂತುಬಿಡುತ್ತಾರೆ. ಕೊಟ್ಟದ್ದನ್ನು ಬೇಡ ಎನ್ನುವ ಕ್ರಮ ನಮ್ಮಲ್ಲಿಲ್ಲ. ತೆಗೆದುಹಾಕಿದರೆ ಮುಂದಿನ ರಜೆಯಲ್ಲಿ ಬಂದು ಎಲ್ಲಿ ಹೋಯಿತೆಂದು ಕೇಳುತ್ತಾರೆ. ಹಾಗೆ ಸೇರಿಕೊಂಡವರೇ ಇವರಲ್ಲಿ ಹೆಚ್ಚಿನವರು.

ಯಾರನ್ನು ಅನುಮಾನಿಸುವುದು? ಭಾವನ ಫೋಟೋ ಆಲ್ಬಮ್ಮನ್ನೋ, ಅಕ್ಕನ ಮಗನ ಚದುರಂಗವನ್ನೋ? ನಾನು ಬೆವರುತ್ತಿರುವಾಗ ಹೆಂಡತಿ ಸೌಟು ಹಿಡಿದುಕೊಂಡೇ ಒಳಗಿನಿಂದ ಬಂದಳು.

"ಹ್ವಾಯ್, ಮನಿ ಕರೆಂಟ್ ಟ್ರಿಪ್ ಆರೆ ನಾವ್ ಎಂತ ಮಾಡುದ್? ಅರ್ಧ ಮನಿ ಸ್ವಿಚ್ ತೆಗ್ದ್ ಕಾಂಬುದಲ್ದಾ? ಇದ್ಕೂ ಹಾಂಗೇ ಮಾಡಿ."

ಹಿಂದಿನ ವರ್ಷ ನಾನು ರಸ್ತೆಯ ಟ್ರಾನ್ಸ್‌ಫಾರ್ಮರನ್ನೇ ಶಂಕಿಸುತ್ತಿದ್ದಾಗ ಅವಳು ಹೀಗೇ ಮಾಡಿ ಮಿಕ್ಸಿಯನ್ನು ಹಿಡಿದಿದ್ದಳು. ಪಟ್ಟಿಯ ಮೇಲಿನ ಎಂಟನ್ನು ನಿಲ್ಲಿಸಿ ಮತ್ತೆ ಶುರು ಮಾಡಿದೆ. ಕಪ್ಪು. ಅಂದರೆ ಆ ಎಂಟೂ ನಿರಪರಾಧಿಗಳು, ಭಾವ ಬಚಾವಾದ. ಉಳಿದ ಎಂಟರಲ್ಲಿ ನಾಲ್ಕನ್ನು ನಿಲ್ಲಿಸಿದೆ. ಕಪ್ಪು. ಮತ್ತೆರಡು. ಕಪ್ಪು. ಚಿಕ್ಕಮ್ಮನಿಗೆ ಆಟ ರುಚಿಸಿತು. ಪ್ರತಿ ಸಲವೂ ಇನ್ನೆಷ್ಟು ಜನ ಉಳಿದರೆಂದು ಕೇಳುತ್ತಿದ್ದರು.

ಕೊನೆಗೆ ಉಳಿದದ್ದು ಎರಡು. ಒಂದು ಪ್ರಿಂಟರಿನದು, ಇನ್ನೊಂದು ನಾನೇ ಹಾಕಿಕೊಂಡದ್ದು. ಪ್ರಿಂಟರೇ ಕಳ್ಳ ಎಂದೆ. ನನ್ನದು ಜಾಗ್ರತೆಗೆ ಹಾಕಿದ್ದು ಎಂದೂ ಸೇರಿಸಿದೆ.

"ನಿಮ್ ಜಾಗ್ರತೆ ನಂಗ್ ಗೊತ್ತಿತ್ತ್," ಎಂದಳು. "ಅದನ್ನೇ ತೆಗ್ದ್ ಕಾಣಿ."

ತೆಗೆದೆ. ಪರದೆ ಬೆಳಗಿತು. ಇಪ್ಪತ್ತಮೂರು ಹಾಡೂ ಇದ್ದವು. ಪ್ರಿಂಟರಿನಿಂದ ಬಿಸಿಬಿಸಿ ಹಾಳೆಗಳು ಬಿದ್ದವು. ಚಿಕ್ಕಮ್ಮ ಕನ್ನಡಕ ಏರಿಸಿ ಮೊದಲ ಸಾಲು ಹಿಡಿದರು. ದಣಿದಲ್ಲಿ ಹೆಂಡತಿ ಹಾಳೆ ನೋಡಿ ಎತ್ತಿಕೊಂಡಳು, ಶ್ರುತಿ ಎಲ್ಲೋ, ಅವಳೆಲ್ಲೋ. ಬ್ರಹ್ಮಾವರದ ಹುಡುಗಿಯರು ಫೋನಿನಲ್ಲಿ ಕೇಳಿಸಿಕೊಂಡು, ಇದಕ್ಕಿಂತ ತಾವೇ ವಾಸಿ ಎಂದು ನಕ್ಕು ಅಲ್ಲಿಂದಲೇ ದನಿ ಸೇರಿಸಿದರು.

ಅಷ್ಟು ಗಲಾಟೆಯ ನಡುವೆ ನಾನು ಮೆಲ್ಲಗೆ ನನ್ನ ಪ್ರೋಗ್ರಾಮನ್ನು ತೆರೆದು ನೋಡಿದೆ. ಹಾಡುಗಳು ಎಲ್ಲಿ ಕಳೆದುಹೋಗುತ್ತವೋ ಎಂಬ ಹೆದರಿಕೆಯಿಂದ, ಯಂತ್ರ ಎದ್ದಾಗಲೆಲ್ಲ ಡೆಸ್ಕ್‌ಟಾಪಿನಲ್ಲಿ ಇದ್ದದ್ದಕ್ಕೆಲ್ಲ ಒಂದು ನಕಲು ಮಾಡಿಡಲು ಅದಕ್ಕೆ ಹೇಳಿದ್ದೆ. ಪ್ರತಿದಿನ ಅದು ನಿನ್ನೆಯ ನಕಲನ್ನೂ ಸೇರಿಸಿ ನಕಲು ಮಾಡಿತ್ತು, ಡಿಸ್ಕಿನಲ್ಲಿ ಉಸಿರಾಡಲು ಜಾಗ ಉಳಿಯದಷ್ಟು. ಯಂತ್ರ ಏಳುವ ಮೊದಲೇ ಆ ರಾಶಿಯನ್ನೆಲ್ಲ ಮತ್ತೆ ನಕಲಿಸಲು ಕೂತು ಅದನ್ನು ಅಲ್ಲೇ ಸಿಕ್ಕಿಸಿಬಿಡುತ್ತಿತ್ತು. ನಕಲನ್ನು ಎಲ್ಲಿಡಲಿ ಎಂದು ಅದು ಮೊದಲ ದಿನವೇ ಕೇಳಿತ್ತು. ನಾನು ಅದೇ ಡೆಸ್ಕ್‌ಟಾಪ್ ಎಂಬ ಹೆಸರಿನ ಎದುರು ಒಂದು ಸಣ್ಣ ಗುರುತು ಹಾಕಿದ್ದೆ.